ಪಹಣಿಯಲ್ಲಿ ಹೆಸರಿಲ್ಲದ ಅತ್ತೆ

ಹೋದ ತಿಂಗಳು ಊರಿಗೆ ಹೋದಾಗ ಅಪ್ಪ ಒಂದು ಕೆಲಸ ಹೇಳಿದ್ರು. "ತಾತನ ಹೆಸರಲ್ಲಿರೋ ಜಮೀನನ್ನ ನನ್ ಹೆಸರಿಗೂ ಚಿಕ್ಕಪ್ಪನ ಹೆಸರಿಗೂ ಮಾಡಿಸ್ಬೇಕು. ಈಗ ಎಲ್ಲಾ ಕಂಪ್ಯೂಟರ್‌ನಲ್ಲೇ ಅಲ್ವಾ, ಸ್ವಲ್ಪ ನೋಡು."

ಬೆಂಗಳೂರಲ್ಲಿ ದಿನಾ ಕೋಡ್ ಬರೆಯೋಳು ನಾನು. ಒಂದು ಫಾರಂ ತುಂಬೋದು ಯಾವ ಮಹಾ ಕೆಲಸ ಅನ್ಕೊಂಡೆ. ಅಪ್ಪ ಹೇಳಿದ ಹಾಗೆ ವಂಶವೃಕ್ಷ ಟೈಪ್ ಮಾಡಿದೆ. ಮೇಲೆ ತಾತ, ಅಜ್ಜಿ. ಕೆಳಗೆ ಇಬ್ಬರು ಗಂಡುಮಕ್ಕಳು. ಮುಗೀತು.

ನಮ್ಮ ಜಮೀನಿರೋದು ಹನೂರಿನ ಕಡೆ. ಮಳೆ ನಂಬಿಕೊಂಡ ನೆಲ, ರಾಗಿ ಇಲ್ಲಾಂದ್ರೆ ಮುಸುಕಿನ ಜೋಳ. ತಾತ 1971ರಲ್ಲಿ ಸ್ವಂತ ದುಡಿಮೆಯಿಂದ ಕೊಂಡದ್ದು. ಟ್ರಂಕಿನಿಂದ ತೆಗೆದ ಕ್ರಯಪತ್ರದಲ್ಲಿ ವಿಳಾಸ 'ಮೈಸೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು' ಅಂತಿದೆ. ಅದರ ಜೊತೆಗಿದ್ದ ಇನ್ನೂ ಹಳೇ ಪತ್ರದಲ್ಲಿ ಕೊಯಮತ್ತೂರು ಜಿಲ್ಲೆ! 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದಲ್ಲಿತ್ತಲ್ಲ, ಹಾಗಾಗಿ. ಈಗಿನ ಪಹಣಿಯಲ್ಲಿ ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕು. ನೆಲ ಇದ್ದಲ್ಲೇ ಇದೆ, ವಿಳಾಸ ಮಾತ್ರ ಮೂರು ಸಲ ಬದಲಾಗಿದೆ. ಅದಕ್ಕೇ ಜಮೀನನ್ನ ಗುರುತಿಸೋದು ಊರ ಹೆಸರೊಂದರಿಂದ ಅಲ್ಲ, ಸರ್ವೆ ನಂಬರ್ ಮತ್ತು ಚಕ್ಕುಬಂದಿಯಿಂದ.

ನಮ್ಮ ಅತ್ತೆಯನ್ನ ಕೊಟ್ಟಿರೋದು ಯಳಂದೂರಿಗೆ. ಅವರ ಮಗಳು ಮೈಸೂರಲ್ಲಿ ಕಾನೂನು ಓದ್ತಿದ್ದಾಳೆ. ಅವಳಿಗೆ ಎಲ್ಲ ಕಾಗದದ ಫೋಟೋ ಕಳಿಸಿದೆ. ಸಂಜೆ ಫೋನ್ ಬಂತು.

"ಅಕ್ಕ, 2 ಎಕರೆ 40 ಅಂತಿದೆ. 40 ಗುಂಟೆ ಅಂದ್ರೇನೇ ಒಂದು ಎಕರೆ. 3 ಎಕರೆ ಅಂತಾನೇ ಬರೀಬೋದಿತ್ತಲ್ಲ?"

ಯಳಂದೂರು ಹಳೇ ಮೈಸೂರು ಸಂಸ್ಥಾನದ್ದು, ಅಲ್ಲಿ ಲೆಕ್ಕ ಗುಂಟೆಯಲ್ಲಿ. ನಮ್ಮ ಕಡೆ ಮದ್ರಾಸಿನ ರೂಢಿ, ಸೆಂಟು. ಎಕರೆಗೆ 100 ಸೆಂಟು, ಗುಂಟೆಗೆ ಎರಡೂವರೆ ಸೆಂಟು. ಅಂದ್ರೆ ನಮ್ಮದು 240 ಸೆಂಟು, ಅವರ ಲೆಕ್ಕದಲ್ಲಿ 2 ಎಕರೆ 16 ಗುಂಟೆ. ಗುಂಟೆ ಅಂತ ಓದಿಕೊಂಡ್ರೆ ಇಲ್ಲದ 24 ಗುಂಟೆ ಹುಟ್ಟಿಕೊಳ್ಳುತ್ತೆ. ಈ ಭಾಗದಲ್ಲಿ ಹಳೇ ಪತ್ರ ನೋಡಿ ಜಮೀನು ಕೊಳ್ಳೋರು ಇದೊಂದನ್ನ ನೆನಪಿಟ್ಕೊಳ್ಳಿ.

ಇಬ್ಬರೂ ನಕ್ಕೆವು. ಆಮೇಲೆ ಅವಳು ಸ್ವಲ್ಪ ಸುಮ್ಮನಿದ್ದು ಕೇಳಿದಳು: "ವಂಶವೃಕ್ಷದಲ್ಲಿ ಅಮ್ಮನ ಹೆಸರು ಇಲ್ವಲ್ಲಕ್ಕ?"

ಅದನ್ನ ಟೈಪ್ ಮಾಡಿದ್ದು ನಾನೇ. ಏನು ಉತ್ತರ ಕೊಡಲಿ?

ಆ ರಾತ್ರಿ ಅವಳು ಕ್ಲಾಸಲ್ಲಿ ಕಲಿತದ್ದನ್ನ ನನಗೆ ಹೇಳಿಕೊಟ್ಟಳು. ಅದನ್ನೇ ನನ್ನ ಭಾಷೆಯಲ್ಲಿ ನಿಮಗೆ ಹೇಳ್ತೀನಿ. ನಾನು ವಕೀಲೆ ಅಲ್ಲ, ಹಾಗಾಗಿ ನಿಮ್ಮ ಕೇಸಿಗೆ ವಕೀಲರನ್ನೇ ಕೇಳಿ. ಆದ್ರೆ ಇಷ್ಟು ಗೊತ್ತಿದ್ರೆ ಅವರ ಹತ್ತಿರ ಏನು ಕೇಳಬೇಕು ಅನ್ನೋದಾದ್ರೂ ತಿಳಿಯುತ್ತೆ.

ಮೊದಲನೇ ಪಾಠ: ಪಹಣಿ ಮಾಲೀಕತ್ವ ಕೊಡಲ್ಲ. ಜಮೀನು ಕೊಂಡವನಿಗೆ ಹಕ್ಕು ಬರೋದು ನೋಂದಾಯಿತ ಕ್ರಯಪತ್ರದಿಂದ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿ ಆಗಲೇಬೇಕು. ಬರೀ ಅಗ್ರಿಮೆಂಟ್ ಮಾಡಿಕೊಂಡ್ರೆ ಮಾಲೀಕರಾಗಲ್ಲ. ಜಿಪಿಎ ಬರೆಸಿಕೊಂಡ್ರೂ ಆಗಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಪಹಣಿ, ಖಾತೆ ಎಲ್ಲ ಕಂದಾಯದ ದಾಖಲೆಗಳು. ಹಾಗಂತ ಅವಕ್ಕೆ ಬೆಲೆ ಇಲ್ಲ ಅಂತಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 133ನೇ ಸೆಕ್ಷನ್ ಪ್ರಕಾರ, ಬೇರೆ ಥರ ಸಾಬೀತಾಗೋವರೆಗೆ ಪಹಣಿಯಲ್ಲಿರೋದು ನಿಜ ಅಂತ ಭಾವಿಸಬೇಕು. 'ಸಾಬೀತಾಗೋವರೆಗೆ' ಅನ್ನೋದು ಮುಖ್ಯ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಹಣಿ ಒಂದು ಕ್ಯಾಶ್, ಮೂಲ ಡೇಟಾಬೇಸ್ ಅಲ್ಲ. ಅಪ್‌ಡೇಟ್ ಆಗದೇ ಇದ್ರೆ ಹಳೇದನ್ನೇ ತೋರಿಸ್ತಿರುತ್ತೆ. ನಮ್ಮ ತಾತ 2009ರಲ್ಲಿ ತೀರಿಕೊಂಡ್ರು. ಪಹಣಿಯ 9ನೇ ಕಾಲಂನಲ್ಲಿ ಇವತ್ತಿಗೂ ಅವರೇ ಇದ್ದಾರೆ.

ಎರಡನೇದು: ಸಾವಿನಿಂದ ಬರೋ ಹಕ್ಕಿಗೆ ಕಾಗದ ಬೇಕಿಲ್ಲ. ತಾತ ವಿಲ್ ಬರೆದಿರಲಿಲ್ಲ. ಅವರು ಕಣ್ಣು ಮುಚ್ಚಿದ ಕ್ಷಣಕ್ಕೇ ಹಕ್ಕು ವಾರಸುದಾರರಿಗೆ ಹೋಯ್ತು. ಪೌತಿ ಖಾತೆ ಅಂದ್ರೆ ಆಗಿಹೋದ ಆ ಬದಲಾವಣೆಯನ್ನ ದಾಖಲೆಗೆ ಸೇರಿಸೋದು, ಅಷ್ಟೇ. ಯಾರ ಹೆಸರು ಬಿಟ್ಟುಹೋದ್ರೂ ಅವರ ಹಕ್ಕು ಬಿಟ್ಟುಹೋಗಲ್ಲ. ಜಮೀನು ಕೊಳ್ಳೋರಿಗೂ ಇದು ಬೇಕಾದ ಮಾತು. ಇಸಿಯಲ್ಲಿ ಕಾಣೋದು ನೋಂದಣಿಯಾದ ವ್ಯವಹಾರ ಮಾತ್ರ. ಸಾವು ನೋಂದಣಿ ಕಚೇರಿಯ ವ್ಯವಹಾರ ಅಲ್ಲವಲ್ಲ. ಇಸಿ ಎಷ್ಟೇ ಚೊಕ್ಕಟವಾಗಿದ್ರೂ ಒಬ್ಬ ಅಕ್ಕನೋ ತಂಗಿಯೋ ಪಾಲುದಾರಳಾಗಿ ಉಳಿದಿರಬಹುದು.

ಮೂರನೇದು: ಯಾರಿಗೆ ಎಷ್ಟು? ಹೆಣ್ಣುಮಕ್ಕಳಿಗೆ ಪಾಲು ಬಂದಿದ್ದೇ 2005ರಲ್ಲಿ ಅಂತ ನಾನೂ ನಂಬಿದ್ದೆ. ಅದು ಅರ್ಧ ಸತ್ಯ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದ್ದು. ಮಗಳು ಹುಟ್ಟಿನಿಂದಲೇ ಮಗನಷ್ಟೇ ಪಾಲುದಾರಳು ಅಂತ ಅದು ಹೇಳಿತು. ಆ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಆದ್ರೆ ತಾತನದು ಸ್ವಯಾರ್ಜಿತ. ಸ್ವಯಾರ್ಜಿತ ಆಸ್ತಿ ಇಟ್ಕೊಂಡು ವಿಲ್ ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಅನ್ನೋದು 1956ರ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಮದುವೆ ಆಗಿದೆಯೋ ಇಲ್ಲವೋ ಲೆಕ್ಕಕ್ಕಿಲ್ಲ.

ನಮ್ಮ ಲೆಕ್ಕ ಹೀಗಾಯ್ತು. 2009ರಲ್ಲಿ ಅಜ್ಜಿ, ಅಪ್ಪ, ಚಿಕ್ಕಪ್ಪ, ಅತ್ತೆ, ನಾಲ್ವರಿಗೂ ತಲಾ 60 ಸೆಂಟು. 2017ರಲ್ಲಿ ಅಜ್ಜಿ ಹೋದ ಮೇಲೆ ಅವರ 60 ಮೂವರಿಗೆ ಹಂಚಿ ತಲಾ 20. ಒಟ್ಟು ಒಬ್ಬೊಬ್ಬರಿಗೆ 80 ಸೆಂಟು.

ಅಪ್ಪನಿಗೆ ಹೇಳಿದಾಗ ಮೊದಲು ಬಂದ ಮಾತು, "ಹದಿನೈದು ವರ್ಷದ ಮೇಲಾಯ್ತು ನಾವೇ ಉಳ್ತಾ ಇದೀವಿ. ಹನ್ನೆರಡು ವರ್ಷ ಆದ್ಮೇಲೆ ನಮ್ದೇ ಅಲ್ವಾ?" ಊರಲ್ಲಿ ಎಲ್ರೂ ಹೇಳೋ ಮಾತು. ಇದು ನಾಲ್ಕನೇ ಪಾಠ. ಪ್ರತಿಕೂಲ ಸ್ವಾಧೀನಕ್ಕೆ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷ ಅಂತಿರೋದು ನಿಜ. ಆದ್ರೆ ಜಂಟಿ ಮಾಲೀಕರಲ್ಲಿ ಒಬ್ಬರ ಸ್ವಾಧೀನ ಎಲ್ಲರ ಪರವಾದ ಸ್ವಾಧೀನ. 'ನಿನಗೆ ಹಕ್ಕೇ ಇಲ್ಲ' ಅಂತ ಇನ್ನೊಬ್ಬರಿಗೆ ಗೊತ್ತಾಗೋ ಹಾಗೆ ಹೊರಗಿಟ್ಟ ದಿನದಿಂದ ಮಾತ್ರ ಆ ಲೆಕ್ಕ ಶುರು. ಪ್ರತಿ ಸಂಕ್ರಾಂತಿಗೆ ಅತ್ತೆ ಮನೆಗೆ ರಾಗಿ ಮೂಟೆ ಕಳಿಸೋ ಅಪ್ಪ ಯಾವತ್ತೂ ಹಾಗೆ ಹೇಳಿದವರಲ್ಲ. "ಮದುವೆಗೆ ಖರ್ಚು ಮಾಡಿದ್ವಲ್ಲ" ಅನ್ನೋದೂ ಪಾಲಿಗೆ ಬದಲಿ ಅಲ್ಲ. ಆ ಸಾಲ ತೀರಿಸಿದ್ದು ಅಪ್ಪನೇ ಅನ್ನೋದು ನನಗೂ ಗೊತ್ತು. ಆದ್ರೂ ಅಲ್ಲ.

ಐದನೇದನ್ನ ಅವಳು ತನ್ನ ಊರಿನ ಉದಾಹರಣೆ ಇಟ್ಕೊಂಡೇ ಹೇಳಿದಳು. ಆಸ್ತಿ ಅಂದ್ರೆ ಒಂದು ವಸ್ತು ಅಲ್ಲ, ಹಕ್ಕುಗಳ ಕಂತೆ. ಉಳೋ ಹಕ್ಕು, ಮಾರೋ ಹಕ್ಕು, ಮಕ್ಕಳಿಗೆ ಬಿಟ್ಟುಹೋಗೋ ಹಕ್ಕು ಎಲ್ಲಾ ಬೇರೆ ಬೇರೆ. ನಮ್ಮ ಕೆಲಸದಲ್ಲಿ ರೀಡ್, ರೈಟ್, ಡಿಲೀಟ್ ಪರ್ಮಿಷನ್ ಬೇರೆ ಬೇರೆ ಇರೋ ಹಾಗೆ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಕಂದಾಯದ ಹಕ್ಕು ಜಹಗೀರುದಾರರದ್ದು, ನೆಲ ಉಳೋ ಕೈ ಬೇರೆಯವರದ್ದು. ಅದೇ ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿಯಂಥ ಕಾಡಿನ ಉತ್ಪನ್ನ ತಗೊಳ್ಳೋ ಹಕ್ಕು ಅವರದ್ದು, ಮಕ್ಕಳಿಗೂ ದಾಟುತ್ತೆ. ಆದ್ರೆ ಯಾರಿಗೂ ಮಾರೋ ಹಾಗಿಲ್ಲ. ಆ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ: ಮದುವೆಯಾದವರಿಗೆ ಕೊಡೋ ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಕಾಡಿನ ಮನೆಯ ಹೆಂಗಸಿನ ಹೆಸರು ಬರೆಯಿರಿ ಅಂತ ಕಾನೂನೇ ಹೇಳುತ್ತೆ. ಓದಿದೋರ ಮನೆಯಲ್ಲಿ ನಾನು ಬಿಟ್ಟುಬಿಟ್ಟಿದ್ದೆ.

ಭಾನುವಾರ ಯಳಂದೂರಿಗೆ ಹೋದೆ. ಅತ್ತೆ ಕಾಫಿ ಕೊಟ್ಟು ಪಕ್ಕದಲ್ಲಿ ಕೂತ್ರು. "ನಂಗ್ ಆ ಜಮೀನು ಬ್ಯಾಡ ಕೂಸೇ. ಅಣ್ಣ ಕಷ್ಟ ಬಿದ್ದವ್ನೆ. ಆದ್ರ ನನ್ ಹೆಸ್ರನ್ನೇ ಬುಟ್ಬುಟ್ರಲ್ಲ. ಅಪ್ಪನ ಮಗಳೇ ಅಲ್ವಾ ನಾನು?"

ಬೇಡ ಅನ್ನೋದಕ್ಕೂ ಒಂದು ದಾರಿ ಇದೆ. ಬಾಯಲ್ಲಿ ಬಿಟ್ಟುಕೊಟ್ಟೆ ಅಂದ್ರೆ ಕಾನೂನಿನಲ್ಲಿ ನಿಲ್ಲಲ್ಲ. ಅದಕ್ಕೆ ಹಕ್ಕು ಖುಲಾಸೆ ಪತ್ರ ಬರೆದು ನೋಂದಣಿ ಮಾಡಿಸಬೇಕು. ಹಾಗೆ ಬರೆಯೋಕೆ ಮೊದಲು ಅದು ಅವರದ್ದು ಅಂತ ನಾವು ಒಪ್ಪಬೇಕು.

ಅಪ್ಪ ಎರಡು ದಿನ ನನ್ನ ಹತ್ರ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಅವರೇ ಅತ್ತೆಗೆ ಫೋನ್ ಮಾಡಿ, "ಆಧಾರ್ ಜೆರಾಕ್ಸ್ ಕಳ್ಸಮ್ಮ" ಅಂದ್ರು. ವಂಶವೃಕ್ಷ ಮತ್ತೆ ಟೈಪ್ ಮಾಡಿದೆ. ಮೂವರ ಹೆಸರಲ್ಲೂ ಜಂಟಿಯಾಗಿ ಪೌತಿ ಖಾತೆಗೆ ಅರ್ಜಿ ಹಾಕಿದ್ದೀವಿ. ಖುಲಾಸೆಯೋ, ವಿಭಾಗವೋ, ಆಮೇಲೆ ಅತ್ತೆಯೇ ಹೇಳ್ತಾರೆ.

ನನಗೂ ಒಬ್ಬ ತಮ್ಮ ಇದ್ದಾನೆ. ಈ ವಾರ ಅವನಿಗೂ ಇದನ್ನ ಓದೋಕೆ ಕಳಿಸ್ತಿದ್ದೀನಿ.

ನಿಮ್ಮ ಊರಿನ ಸರ್ವೆ ನಂಬರ್ ಗೊತ್ತಿದ್ರೆ ಇವತ್ತು ರಾತ್ರಿ ಫೋನಲ್ಲೇ ಭೂಮಿ ತಾಣದಲ್ಲಿ ಪಹಣಿ ತೆಗೆದು ನೋಡಿ. 9ನೇ ಕಾಲಂನಲ್ಲಿ ಇರೋರು ಬದುಕಿದ್ದಾರಾ? 11ರಲ್ಲಿ ತೀರದ ಸಾಲ ಇದೆಯಾ? ಆಮೇಲೆ ಒಂದು ಹಾಳೆಯಲ್ಲಿ ನಿಮ್ಮ ವಂಶವೃಕ್ಷ ಬರೆಯಿರಿ. ಬರೆದು ಮುಗಿಸಿದ ಮೇಲೆ ಅಮ್ಮನ ಕೈಗೆ ಕೊಟ್ಟು, ಯಾರಾದ್ರೂ ಬಿಟ್ಟುಹೋಗಿದ್ದಾರಾ ಅಂತ ಕೇಳಿ.