ಆಕೆಯ ಪಾಲು ತಲಾಕ್‌ನೊಂದಿಗೆ ಅಳಿಯುವುದಿಲ್ಲ

1985ರಲ್ಲಿ ಶಾಬಾನು ತೀರ್ಪು ಬಂದಾಗ ಶರೀಅತ್‌ನ ರಕ್ಷಣೆಗಾಗಿ ನಮ್ಮ ಸಮುದಾಯ ಬೀದಿಗಿಳಿಯಿತು. 2025ರ ಜನವರಿಯಲ್ಲಿ ಉತ್ತರಾಖಂಡದಲ್ಲಿ ಸಮಾನ ನಾಗರಿಕ ಸಂಹಿತೆ ಜಾರಿಯಾದಾಗಲೂ ನಾವು ದನಿಯೆತ್ತಿದೆವು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನಮ್ಮದೇ ಓಣಿಗಳಲ್ಲಿ ಮನೆಯ ಪಾಲಿನ ಪ್ರಶ್ನೆ ಬಂದಾಗ ಆ ಶರೀಅತ್ ಎಲ್ಲಿ ಮರೆಯಾಗುತ್ತದೆ?

ಪತಿ ಪತ್ನಿಯರಿಬ್ಬರೂ ಹಣ ಹಾಕಿ, ಇಬ್ಬರ ಹೆಸರಿನಲ್ಲೂ ಮನೆ ಕೊಳ್ಳುತ್ತಾರೆ. ಆಕೆ ಹಾಕಿದ್ದು ಹೊಲಿಗೆಯಿಂದ ಕೂಡಿಟ್ಟ ದುಡ್ಡು, ಒಡವೆ ಮಾರಿದ ದುಡ್ಡು. ಮುಂದೆ ತಲಾಕ್ ಆಗಿ ಪತಿ ಮರುವಿವಾಹವಾದರೆ, "ತಲಾಕ್ ಆದವಳಿಗೆ ಇನ್ನೆಲ್ಲಿಯ ಹಕ್ಕು?" ಎಂಬ ಮಾತು ಹುಟ್ಟುತ್ತದೆ. ಇದ್ದತ್ ಮುಗಿದ ಬಳಿಕ ಆಕೆ ಮಾಜಿ ಪತಿಯ ವಾರಸುದಾರಳಲ್ಲ, ನಿಜ. ಆದರೆ ಆಕೆ ಕೇಳುತ್ತಿರುವುದು ವಾರಸನ್ನಲ್ಲ, ತನ್ನದೇ ಸ್ವತ್ತನ್ನು! ಒಬ್ಬಳ ಬದಲು ಮತ್ತೊಬ್ಬಳನ್ನು ವರಿಸುವವನು ಮೊದಲಿನವಳಿಗೆ ಕೊಟ್ಟ ಸಂಪತ್ತಿನ ರಾಶಿಯನ್ನೂ ಹಿಂಪಡೆಯಬಾರದೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 20ನೇ ವಚನ ವಿಧಿಸುತ್ತದೆ. ಕೊಟ್ಟದ್ದನ್ನೇ ಮರಳಿ ಪಡೆಯಬಾರದೆಂದ ಮೇಲೆ, ಆಕೆ ತಾನೇ ದುಡಿದು ಹಾಕಿದ್ದನ್ನು ಕಸಿಯಬಹುದೇ?

ದೇಶದ ಕಾನೂನೂ ಭಿನ್ನವಾಗಿಲ್ಲ. ಇಬ್ಬರೂ ತಮ್ಮ ತಮ್ಮ ಹಣ ಹಾಕಿ ಕೊಂಡ ಸ್ವತ್ತಿನಲ್ಲಿ, ಬೇರೆ ಕರಾರಿಲ್ಲದಿದ್ದರೆ, ಹಾಕಿದ ಹಣದಂತೆ ಪಾಲು. ಯಾರೆಷ್ಟು ಹಾಕಿದರೆಂಬುದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು. ಇದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮಿನ ತಿರುಳು. ನಗರಸಭೆ, ಪುರಸಭೆಗಳ ಖಾತೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಒಡೆತನ ಬದಲಾಗದು.

ಒಂದು ಲೆಕ್ಕ ನೋಡೋಣ. ಸಮಪಾಲಿನ ಮನೆಯ ಬೆಲೆ 24 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಪತಿ ತೀರಿಕೊಂಡಾಗ ವಿಭಜನೆಗೆ ಬರುವುದು ಅವನ 12 ಲಕ್ಷ ಮಾತ್ರ. ಅವನ ತಂದೆ ತಾಯಿ ಬದುಕಿಲ್ಲ. ಸಾಲವಾಗಲಿ ವಸಿಯ್ಯತ್ ಆಗಲಿ ಇಲ್ಲ. ಮೊದಲ ಪತ್ನಿಯಿಂದ ಒಬ್ಬ ಮಗ, ಒಬ್ಬಳು ಮಗಳು. ಎರಡನೆಯವಳಿಂದ ಒಬ್ಬ ಮಗ. ಎರಡನೇ ಪತ್ನಿಗೆ ಎಂಟರಲ್ಲೊಂದು, ಅಂದರೆ ಒಂದೂವರೆ ಲಕ್ಷ. ಉಳಿದ ಹತ್ತೂವರೆ ಲಕ್ಷದಲ್ಲಿ ಗಂಡುಮಕ್ಕಳಿಬ್ಬರಿಗೂ ತಲಾ 4.20 ಲಕ್ಷ, ಮಗಳಿಗೆ 2.10 ಲಕ್ಷ. ತಾಯಿ ತಲಾಕ್ ಪಡೆದಳೆಂದು ಮಕ್ಕಳು ತಂದೆಗೆ ಅನ್ಯರಾಗುವುದಿಲ್ಲ. ಹಾಗೆಯೇ ಎರಡನೇ ಪತ್ನಿಯ ಹಕ್ಕನ್ನು ನುಂಗುವುದೂ ಅನ್ಯಾಯವೇ.

ಇನ್ನು ವಿಚ್ಛೇದಿತೆಯ 12 ಲಕ್ಷ? ಅದು ಆಕೆಯದೇ. ಆಕೆಯ ಮರಣಾನಂತರ ಅದು ಆಕೆಯ ವಾರಸುದಾರರಿಗೆ ಸೇರುತ್ತದೆ. ಆಕೆ ಮರುವಿವಾಹವಾಗಿದ್ದರೆ ಆ ಪತಿಗೂ ಅದರಲ್ಲಿ ನಾಲ್ಕನೇ ಒಂದು ಪಾಲುಂಟು. ಮಾಜಿ ಪತಿಯ ಎರಡನೇ ಸಂಸಾರಕ್ಕೆ ಅದರಲ್ಲಿ ಬಿಡಿಗಾಸೂ ಇಲ್ಲ.

ಜಮಾಅತ್‌ನ ಹಿರಿಯರೇ, ತಲಾಕ್‌ನ ಪಂಚಾಯಿತಿಗೆ ಕೂರುವಾಗ ಮೊದಲು ಕ್ರಯಪತ್ರ ತರಿಸಿ ಓದಿರಿ. ದಂಪತಿಗಳೇ, ಮನೆ ಕೊಳ್ಳುವ ದಿನವೇ ಇಬ್ಬರ ಪಾಲನ್ನೂ ಅದರಲ್ಲಿ ಬರೆಸಿರಿ. ನಾವು ನಮ್ಮ ಮನೆಯೊಳಗೆ ಪಾಲಿಸದ ಶರೀಅತ್‌ಗಾಗಿ ಬೀದಿಯಲ್ಲಿ ಎತ್ತುವ ದನಿಗೆ ಬೆಲೆಯೇನು?