ಫೋನು ಅಜ್ಜಿಯ ಕೈಯಲ್ಲೇ ಇರಲಿ



ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಹಿರಿಯರು ನಮ್ಮ ಸುತ್ತ ಸೇರುತ್ತಾರೆ. ಲಾಡಕಿ ಬಹಿಣ ಯೋಜನೆಯ ಇ-ಕೆವೈಸಿ, ಗ್ಯಾಸ್ ಬುಕಿಂಗ್, ಮೊಮ್ಮಗನಿಗೆ ಫೋಟೊ ಕಳಿಸುವುದು, ಹೀಗೆ ಏನಾದರೊಂದು ಕೆಲಸ ಇರುತ್ತದೆ. "ತಮ್ಮಾ, ಇದರಾಗ ನನಗೇನೂ ತಿಳಿಯಂಗಿಲ್ಲ, ನೀನ ಮಾಡಿ ಕೊಡಪಾ" ಎಂದು ಫೋನನ್ನೇ ನಮ್ಮ ಕೈಗಿಡುತ್ತಾರೆ. ನಾವು ಎರಡು ನಿಮಿಷದಲ್ಲಿ ಮಾಡಿ ಕೊಟ್ಟು ಅದನ್ನು ಸೇವೆ ಅಂದುಕೊಳ್ಳುತ್ತೇವೆ. ಈ ರೂಢಿಯನ್ನು ಬಿಡಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ, ಅವರಿಗೆ ಏನೂ ತಿಳಿಯದು ಎಂಬುದೇ ಸುಳ್ಳು. ಸೋಲಾಪುರದ ಹಿರಿಯರ ಕೈಗಳು ಜೋಳದ ರೊಟ್ಟಿ ಬಡಿದಿವೆ, ಬೀಡಿ ಸುತ್ತಿ ದಾರ ಕಟ್ಟಿವೆ, ಮಗ್ಗದಲ್ಲಿ ಹರಿದ ಎಳೆಯನ್ನು ಹುಡುಕಿ ಗಂಟು ಹಾಕಿವೆ. ಟಚ್ ಸ್ಕ್ರೀನ್ ನಂಬಿರುವುದೇ ಇಂಥ ಕೈಗಳನ್ನು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಜೇಕಬ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ವಿವರಿಸಿ ಬರೆದರು. ವಸ್ತುಗಳು ಹೇಗೆ ಚಲಿಸುತ್ತವೆ, ನಮ್ಮ ಮೈ ಹೇಗೆ ಆಡುತ್ತದೆ, ಸುತ್ತ ಏನಿದೆ, ಜೊತೆಗಿರುವವರೊಡನೆ ಹೇಗೆ ವ್ಯವಹರಿಸಬೇಕು ಎಂಬ ನಮ್ಮ ದಿನನಿತ್ಯದ ತಿಳುವಳಿಕೆಯನ್ನೇ ಹೊಸ ಯಂತ್ರಗಳು ಬಳಸಿಕೊಳ್ಳುತ್ತವೆ ಎಂದರು. ಬೆರಳಿನಿಂದ ದೂಡಿದರೆ ಪುಟ ಸ್ವಲ್ಪ ದೂರ ಓಡಿ ನಿಧಾನವಾಗಿ ನಿಲ್ಲುತ್ತದೆ, ನೆಲದ ಮೇಲೆ ಉರುಳಿಸಿದ ಗೋಲಿಯ ಹಾಗೆ. ಎರಡು ಬೆರಳಿಂದ ಎಳೆದರೆ ಫೋಟೊ ಹಿಗ್ಗುತ್ತದೆ. ಇವನ್ನು ಒಮ್ಮೆ ತೋರಿಸಿದರೆ ಸಾಕು, ಅಜ್ಜಿ ಮರೆಯುವುದಿಲ್ಲ.

ಹಾಗೆಂದು ಎಲ್ಲವೂ ಕೈಗೆ ತಾನಾಗಿ ಬರುವುದಿಲ್ಲ. ಮೂಲೆಯ ಮೂರು ಚುಕ್ಕೆ, ಒತ್ತಿ ಹಿಡಿದಾಗ ಮಾತ್ರ ತೆರೆಯುವ ಪಟ್ಟಿ, ಅಂಚಿನಿಂದ ಎಳೆದು ಹಿಂದೆ ಹೋಗುವುದು, ಇಂಥವು ಅಡುಗೆಮನೆಯಲ್ಲೂ ಇಲ್ಲ, ಕಾರ್ಖಾನೆಯಲ್ಲೂ ಇಲ್ಲ. "ಸಹಜ" ಎಂದು ಹೊಗಳುವ ಈ ಸನ್ನೆಗಳು ನಿಜಕ್ಕೂ ಸಹಜವಲ್ಲ ಎಂದು ವಿನ್ಯಾಸ ತಜ್ಞ ಡಾನ್ ನಾರ್ಮನ್ 2010ರಲ್ಲೇ ಬರೆದಿದ್ದರು. ಅಲ್ಲಿ ಅಜ್ಜಿ ತಡವರಿಸಿದರೆ ಅದು ಅವರ ದಡ್ಡತನವಲ್ಲ. ನಾವೂ ಅದನ್ನು ಯಾರನ್ನೋ ನೋಡಿಯೇ ಕಲಿತವರು.

ಎಲ್ಲಕ್ಕಿಂತ ದೊಡ್ಡ ಅಪಾಯ ಹಣದ ವಿಷಯದಲ್ಲಿ. ನವಿ ಪೇಠದ ಅಂಗಡಿಯಲ್ಲಿ ನೋಟು ಕೊಡುವಾಗ ಬೆರಳು ಎರಡು ಸಲ ಎಣಿಸುತ್ತದೆ. ಯುಪಿಐಯಲ್ಲಿ 500 ರೂಪಾಯಿಗೂ 5,000 ರೂಪಾಯಿಗೂ ಬೆರಳಿಗೆ ತಾಕುವುದು ಅದೇ ಗಾಜು. ಕೈಚಳಕ ಫೋನಿಗೆ ಬಂತು, ಕೈಯ ಎಚ್ಚರಿಕೆ ಬರಲಿಲ್ಲ. ಅದನ್ನು ನಾವೇ ಬಾಯಿಬಿಟ್ಟು ಕಲಿಸಬೇಕು: ಪಿನ್ ಬೇಕಾಗುವುದು ಹಣ ಕೊಡಲಿಕ್ಕೆ, ಹಣ ಪಡೆಯಲಿಕ್ಕೆ ಪಿನ್ ಬೇಡ.

"ಅಷ್ಟು ಹೊತ್ತು ಯಾರಿಗಿದೆ? ನಾವೇ ಮಾಡಿದರೆ ಬೇಗ ಆಗುತ್ತದೆ" ಎಂದು ನಮ್ಮಲ್ಲೇ ಕೆಲವರು ಹೇಳುತ್ತಾರೆ. ಬೇಗ ಆಗುತ್ತದೆ, ನಿಜ. ಆದರೆ ಇಂದು ನಮ್ಮನ್ನು ನಂಬಿ ಫೋನು, ಪಿನ್, ಓಟಿಪಿ ಎಲ್ಲ ಕೊಡುವ ಅಜ್ಜಿ, ನಾಳೆ ಸವಿಮಾತಾಡುವ ಅಪರಿಚಿತನಿಗೂ ಕೊಡುತ್ತಾರೆ. ಆ ರೂಢಿ ಹಾಕಿದವರು ನಾವೇ ಆಗುತ್ತೇವೆ.

ಆದ್ದರಿಂದ ಒಂದು ನಿಯಮ ಮಾಡಿಕೊಳ್ಳೋಣ. ಫೋನು ಅವರ ಕೈಯಲ್ಲೇ ಇರಲಿ, ನಾವು ಪಕ್ಕದಲ್ಲಿ ಕೂಡೋಣ. ಮೊದಲ ಪಾಠ ವಾಟ್ಸಾಪ್ ಧ್ವನಿ ಸಂದೇಶದ್ದಾಗಲಿ: ಮೈಕು ಒತ್ತಿ ಹಿಡಿ, ಮಾತಾಡು, ಬಿಡು. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಮರಾಠಿ ಕಲಿತು, ಕನ್ನಡ ಅಕ್ಷರ ಬಾರದವರು ಸೋಲಾಪುರ, ಅಕ್ಕಲಕೋಟೆಗಳಲ್ಲಿ ಎಷ್ಟೋ ಮಂದಿ. ಅವರಿಗೆ ಮಾತೇ ಹತ್ತಿರದ ದಾರಿ.

ನಮ್ಮ ಪ್ರಭು ಪಾಠ ಹೇಳಿದ್ದೂ ಹೀಗೆಯೇ. ಮೀನುಗಾರರಿಗೆ ಬಲೆಯನ್ನು, ಒಕ್ಕಲಿಗರಿಗೆ ಬೀಜವನ್ನು, ಮನೆಯ ತಾಯಂದಿರಿಗೆ ಹುಳಿಹಿಟ್ಟನ್ನು ತೋರಿಸಿ ಕಲಿಸಿದರು. ಕೈಗೆ ಗೊತ್ತಿದ್ದುದರಿಂದ ಶುರುಮಾಡಿದರು. ಬರುವ ಭಾನುವಾರ ನಾವೂ ಅಲ್ಲಿಂದಲೇ ಶುರುಮಾಡೋಣ.