ಸ್ವಲ್ಪ ಲೈಟ್ ಹಿಡೀರಪ್ಪ

ಕಳೆದ ಸೆಮಿಸ್ಟರ್‌ನ ಇಂಟರ್ನಲ್ಸ್ ಮುಗಿದ ರಾತ್ರಿ. ಬೈಪಾಸ್ ಪಕ್ಕದ ಟೀ ಅಂಗಡಿಯಿಂದ ನಾವು ನಾಲ್ವರು ಹಾಸ್ಟೆಲ್‌ಗೆ ನಡೆದು ಬರ್ತಿದ್ದೆವು. ತಿರುವಿನಲ್ಲಿ ಒಂದು ಬೈಕ್ ಮತ್ತು ಒಂದು ಗೂಡ್ಸ್ ಆಟೋ ಡಿಕ್ಕಿಯಾಗಿದ್ದವು. ಬೈಕ್ ಸವಾರನನ್ನು ಆಗಲೇ 108 ಆಂಬುಲೆನ್ಸ್ ಕರ್ಕೊಂಡು ಹೋಗಿತ್ತು. ಅಲ್ಲಿದ್ದದ್ದು ಒಬ್ಬ ಎಎಸ್ಐ, ಒಬ್ಬ ಕಾನ್‌ಸ್ಟೆಬಲ್, ಒಂದು ಟೇಪು, ಒಂದು ಚಾಕ್‌ಪೀಸು. ಬೀದಿದೀಪ ಇರಲಿಲ್ಲ. ಕಾನ್‌ಸ್ಟೆಬಲ್ ಒಂದು ಕೈಯಲ್ಲಿ ಮೊಬೈಲ್ ಲೈಟ್, ಇನ್ನೊಂದರಲ್ಲಿ ಟೇಪಿನ ತುದಿ ಹಿಡ್ಕೊಂಡು, ಬರೋ ಲಾರಿಗಳಿಗೆ ಕೈ ಬೇರೆ ತೋರಿಸಬೇಕು. ಎಷ್ಟು ಕೈ ಇದ್ದರೆ ಸಾಕು?

"ಏನ್ರಪ್ಪಾ, ಸ್ವಲ್ಪ ಲೈಟ್ ಹಿಡೀರಪ್ಪ" ಅಂದರು ಎಎಸ್ಐ. ನಾಲ್ಕು ಮೊಬೈಲ್ ಹೊರಗೆ ಬಂದವು. ನಾವು ನೇರ ಮೇಲಿಂದ ಹಿಡಿದೆವು. ರಸ್ತೆ ಬದಿಯ ಮಣ್ಣು ಬೆಳ್ಳಗೆ ಹೊಳೀತು, ಏನೂ ಕಾಣಲಿಲ್ಲ. "ಹಂಗಲ್ಲ. ಕೆಳಗೆ ಕೂತ್ಕೊಂಡು ಪಕ್ಕದಿಂದ ಬಿಡಿ" ಅಂದರು. ನೆಲಕ್ಕೆ ಹತ್ತಿರ ಇಟ್ಟು ಓರೆಯಾಗಿ ಬಿಟ್ಟಾಗ, ಅಷ್ಟೊತ್ತು ಇಲ್ಲದೇ ಇದ್ದ ಟೈರ್ ಗುರುತು ನೆರಳಿನ ಗೆರೆಯಾಗಿ ಎದ್ದು ಬಂತು. "ಬೆಳಗಾಗೋವರೆಗೆ ಕಾದ್ರೆ ಲಾರಿಗಳು ಓಡಾಡಿ ಇದು ಇರಲ್ಲ" ಅಂತ ಹೇಳಿ ಅಳತೆ ತಗೊಂಡರು. ಹೊರಡುವಾಗ ನಮ್ಮಲ್ಲೊಬ್ಬನ ಫೋನ್‌ನಲ್ಲಿ ನಾಲ್ಕು ಪರ್ಸೆಂಟ್ ಚಾರ್ಜ್ ಉಳಿದಿತ್ತು.

ಆ ಗುರುತು ಸಣ್ಣ ವಿಷಯ ಅಲ್ಲ. ಯಾರು ಎಲ್ಲಿ ಬ್ರೇಕ್ ಹಾಕಿದರು, ಯಾರು ಯಾವ ಬದಿಗೆ ಬಂದರು ಅನ್ನೋದರ ಮೇಲೆ ಮುಂದೆ ಕೇಸು ನಿಲ್ಲುತ್ತೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಆ ಸವಾರನ ಮನೆಯವರಿಗೆ ಏನು ಸಿಗುತ್ತೆ ಅನ್ನೋದಕ್ಕೂ ಅದೇ ಆಧಾರ. ಅಂಥದ್ದು ದಾರಿಹೋಕ ವಿದ್ಯಾರ್ಥಿಗಳ ಫೋನ್ ಚಾರ್ಜ್ ಮೇಲೆ ನಿಂತಿತ್ತು.

ಈಗ ನಮ್ಮ ಕಡೆಯ ತಪ್ಪೊಪ್ಪಿಗೆ. ಅದಕ್ಕೂ ಹಿಂದಿನ ವರ್ಷ ಟೆಕ್ ಫೆಸ್ಟ್‌ನಲ್ಲಿ ನಾವೇ "ಪೊಲೀಸರಿಗಾಗಿ ಸ್ಮಾರ್ಟ್ ಟಾರ್ಚ್" ಮಾಡಿ ಎರಡನೇ ಬಹುಮಾನ ಹೊಡೆದಿದ್ದೆವು. ಜಿಪಿಎಸ್ ಇತ್ತು, ಕ್ಯಾಮೆರಾ ಇತ್ತು, ಸೈರನ್ ಇತ್ತು, ಒಂದು ಆ್ಯಪ್ ಕೂಡ ಇತ್ತು. ತೂಕ ಹೆಚ್ಚುಕಮ್ಮಿ ಒಂದು ಕಿಲೋ. ಬೆಳಕು ಬರ್ತಿದ್ದದ್ದು ನಲವತ್ತು ನಿಮಿಷ. ಒಬ್ಬ ಜಡ್ಜೂ "ಎಷ್ಟು ಹೊತ್ತು ಉರಿಯುತ್ತೆ?" ಅಂತ ಕೇಳಲಿಲ್ಲ. ಕೇಳಬೇಕು ಅಂತ ನಮಗೂ ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಇದಕ್ಕೇ.

ನಮ್ಮ ವಾದ ಇಷ್ಟೇ: ಪೊಲೀಸ್ ಕೆಲಸದಲ್ಲಿ ಟಾರ್ಚ್ ಅನ್ನೋದು ಗ್ಯಾಜೆಟ್ ಅಲ್ಲ, ಸಾಕ್ಷ್ಯ ಸಂಗ್ರಹದ ಉಪಕರಣ. ಅದನ್ನು ಹಾಗೇ ನೋಡಬೇಕು, ಹಾಗೇ ಅಳೀಬೇಕು, ಹಾಗೇ ಕೊಳ್ಳಬೇಕು. ಅದರಲ್ಲಿ ಎಂಜಿನಿಯರಿಂಗ್ ಓದೋ ನಮಗೆ ಮಾಡೋಕೆ ಬೇಕಾದಷ್ಟು ಕೆಲಸ ಇದೆ.

ಮೊದಲು ಲೆಕ್ಕ ನೋಡೋಣ. ಆನ್‌ಲೈನ್‌ನಲ್ಲಿ "10,000 ಲ್ಯೂಮೆನ್" ಅಂತ ಬರೆದ ಟಾರ್ಚ್ ಐನೂರು ರೂಪಾಯಿಗೆ ಸಿಗುತ್ತೆ. ಒಳಗಿರೋದು ಒಂದು 18650 ಲಿಥಿಯಂ ಸೆಲ್. ಒಳ್ಳೆಯ ಸೆಲ್ ಆದರೆ 3000 ಮಿಲಿಆಂಪಿಯರ್-ಅವರ್, 3.6 ವೋಲ್ಟ್, ಅಂದರೆ ಸುಮಾರು 10.8 ವ್ಯಾಟ್-ಅವರ್ ಶಕ್ತಿ. ಎಲ್ಇಡಿ ಮತ್ತು ಡ್ರೈವರ್ ಸೇರಿ ಒಂದು ವ್ಯಾಟ್‌ಗೆ 100 ಲ್ಯೂಮೆನ್ ಅಂತಿಟ್ಟುಕೊಳ್ಳಿ. 10,000 ಲ್ಯೂಮೆನ್‌ಗೆ 100 ವ್ಯಾಟ್ ಬೇಕು. ಆರೂವರೆ ನಿಮಿಷಕ್ಕೆ ಸೆಲ್ ಖಾಲಿ, ಅದಕ್ಕೂ ಮೊದಲೇ ಕೈ ಸುಡುತ್ತೆ. ಎಂಟು ಗಂಟೆಯ ರಾತ್ರಿ ಪಾಳಿ ಪೂರ್ತಿ ಉರೀಬೇಕು ಅಂದರೆ ಅದೇ ಸೆಲ್‌ನಿಂದ ಸಿಗೋದು ಸುಮಾರು 135 ಲ್ಯೂಮೆನ್. ಕೇಳೋಕೆ ಕಮ್ಮಿ ಅನ್ಸುತ್ತೆ. ಆದರೆ ನಡೆಯೋಕೆ, ಬೀಗ ನೋಡೋಕೆ, ಲೈಸೆನ್ಸ್ ಓದೋಕೆ ಧಾರಾಳ. ಇನ್ನು "9900 ಎಂಎಎಚ್" ಅಂತ ಮುದ್ರಿಸಿದ 18650 ಸೆಲ್ ಕಂಡರೆ ನಕ್ಕು ಮುಂದೆ ಹೋಗಿ. ಇವತ್ತು ಅಂಗಡಿಯಲ್ಲಿ ಸಿಗೋ ಒಳ್ಳೆಯ ಕಂಪನಿಯ ಸೆಲ್‌ಗಳೂ 3500ರ ಆಸುಪಾಸಿನವೇ.

ಎರಡನೆಯದು ದೂರ. ಒಟ್ಟು ಎಷ್ಟು ಬೆಳಕು ಹೊರಬರುತ್ತೆ ಅನ್ನೋದು ಲ್ಯೂಮೆನ್. ಒಂದು ದಿಕ್ಕಿಗೆ ಎಷ್ಟು ಗಟ್ಟಿಯಾಗಿ ಹೋಗುತ್ತೆ ಅನ್ನೋದು ಕ್ಯಾಂಡೆಲಾ. ಟಾರ್ಚ್‌ಗಳ ಎಎನ್ಎಸ್ಐ ಎಫ್ಎಲ್-1 ಮಾನದಂಡದಲ್ಲಿ "ದೂರ" ಅಂದರೆ ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಮ್ಮಿ ಹುಣ್ಣಿಮೆ ಬೆಳಕಿನಷ್ಟಕ್ಕೆ ಇಳಿಯೋ ಜಾಗ. ಪಿಯುಸಿಯಲ್ಲಿ ಓದಿದ ವಿಲೋಮ ವರ್ಗ ನಿಯಮ ಹಾಕಿದರೆ 200 ಮೀಟರ್‌ಗೆ 10,000 ಕ್ಯಾಂಡೆಲಾ ಬೇಕು, 400 ಮೀಟರ್‌ಗೆ 40,000. ತೋಟದಾಚೆ ಓಡಿದವನನ್ನು ಹುಡುಕೋ ಸರ್ಚ್‌ಲೈಟೂ ಮಹಜರು ಬರೆಯೋಕೆ ಬೇಕಾದ ದೀಪವೂ ಒಂದೇ ಅಲ್ಲ. ಮೊದಲನೆಯದಕ್ಕೆ ಮೊನಚು ಕಿರಣ, ಎರಡನೆಯದಕ್ಕೆ ಹರಡಿದ ಮೆತ್ತನೆ ಬೆಳಕು. ದೊಡ್ಡ ದುರಂತದ ಜಾಗಕ್ಕೆ ಇವೆರಡೂ ಸಾಲದು. ಜನರೇಟರ್‌ನಿಂದ ಗಾಳಿ ತುಂಬಿ ಕಂಬದಂತೆ ಎದ್ದು ನಿಲ್ಲೋ ಆಸ್ಕಾ ಲೈಟ್‌ನಂಥದ್ದು ಬೇಕು.

ಮೂರನೆಯದು ಬಣ್ಣ. ಅಗ್ಗದ ಎಲ್ಇಡಿಗಳ ಬೆಳಕು ನೀಲಿ ಕಡೆಗೆ ವಾಲಿರುತ್ತೆ, ಕೆಂಪನ್ನು ಸರಿಯಾಗಿ ತೋರಿಸಲ್ಲ. ಮೆರೂನ್ ಕಾರು ಕಂದು ಅನ್ಸುತ್ತೆ, ಒಣಗಿದ ರಕ್ತ ಎಣ್ಣೆ ಕಲೆ ಅನ್ಸುತ್ತೆ. ಬಟ್ಟೆ ಅಂಗಡಿಯಲ್ಲಿ ಸೀರೆಯನ್ನು ಬಾಗಿಲಿಗೆ ತಂದು ನೋಡೋ ಅಮ್ಮಂದಿರಿಗೆ ಗೊತ್ತಿರೋ ಸತ್ಯ ಟೆಂಡರ್ ಬರೆಯೋರಿಗೂ ಗೊತ್ತಿರಬೇಕು.

ಇದೆಲ್ಲ ಈಗ ಯಾಕೆ ಅಂದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೊ-ವಿಡಿಯೊ ರೆಕಾರ್ಡ್ ಮಾಡಲೇಬೇಕು. ಅದಕ್ಕೆ ಮೊಬೈಲೇ ಆದೀತು ಅನ್ನುತ್ತೆ ಕಾನೂನು. ಸರಿ, ಮೊಬೈಲ್ ಕ್ಯಾಮೆರಾ ಆಯ್ತು. ಬೀಟ್ ಹಾಜರಾತಿಯ ಇ-ಬೀಟ್ ಆ್ಯಪ್ಪೂ ಅದರಲ್ಲೇ, ಕರೆಗಳೂ ಅದರಲ್ಲೇ. ಟಾರ್ಚೂ ಅದೇ ಆದರೆ ಎರಡು ಗಂಟೆ ರಾತ್ರಿಗೆ ನಾಲ್ಕೂ ಒಟ್ಟಿಗೆ ಸಾಯ್ತವೆ. ಮೇಲಾಗಿ ಲೆನ್ಸ್ ಪಕ್ಕದಿಂದಲೇ ಹೊರಟ ಬೆಳಕು ನೆರಳನ್ನೇ ನುಂಗುತ್ತೆ. ಹೆಜ್ಜೆ ಗುರುತು, ಟೈರ್ ಗುರುತು ಕಾಣೋದೇ ನೆರಳಿನಿಂದ. ಆ ಎಎಸ್ಐ ನಮಗೆ ಹೇಳಿಕೊಟ್ಟದ್ದು ಅದನ್ನೇ. ಕ್ಯಾಮೆರಾ ಒಂದು ಕಡೆ, ದೀಪ ಇನ್ನೊಂದು ಕಡೆ ಇರಬೇಕು. ಕತ್ತಲಲ್ಲಿ ತೆಗೆದ ಮಸುಕು ವಿಡಿಯೊ ಪೊಲೀಸರಿಗೂ ಉಪಯೋಗಕ್ಕಿಲ್ಲ, ಸುಳ್ಳು ಕೇಸಿನಲ್ಲಿ ಸಿಕ್ಕಿಕೊಂಡ ಅಮಾಯಕನಿಗೂ ಇಲ್ಲ.

"ಇದು ಸರ್ಕಾರದ ಕೆಲಸ, ನಿಮಗ್ಯಾಕೆ?" ಅಂತ ಗೆಳೆಯರು ಕೇಳಿದ್ದಾರೆ. ಕೊಡಿಸಬೇಕಾದ್ದು ಸರ್ಕಾರವೇ, ಒಪ್ಪಿದೆವು. ಆದರೆ ಟೆಂಡರ್‌ನಲ್ಲಿ ಬರೀ "ಎಲ್ಇಡಿ ಟಾರ್ಚ್, ರೀಚಾರ್ಜಬಲ್" ಅಂತಿದ್ದರೆ ಕಡಿಮೆ ದರದವನೇ ಗೆಲ್ಲೋದು, ಬರೋದು ಐನೂರು ರೂಪಾಯಿಯ ಮಾಲೇ. ಕ್ಯಾಂಡೆಲಾ ಎಷ್ಟು, ಎಷ್ಟು ಗಂಟೆ, ಮಳೆಗೆ ಐಪಿ67 ಇದೆಯಾ, ಸೆಲ್ ಬದಲಾಯಿಸಬಹುದಾ ಅಂತ ನಾಲ್ಕು ಸಾಲು ಸೇರಿಸಿದರೆ ಕಥೆಯೇ ಬೇರೆ. ಆ ನಾಲ್ಕು ಸಾಲು ಬರೆಯೋದು, ಬಂದ ಮಾಲು ಹಾಗೇ ಇದೆಯಾ ಅಂತ ಅಳೆಯೋದು ಎಂಜಿನಿಯರ್ ಕೆಲಸ ತಾನೇ?

ಇನ್ನೊಂದು ತಕರಾರು ಹಾಸ್ಟೆಲ್‌ನವರದ್ದು: "ಅವರಿಗೆ ಒಳ್ಳೇ ಟಾರ್ಚ್ ಕೊಟ್ರೆ ನಮ್ಮ ಮುಖಕ್ಕೇ ಬಿಟ್ಟು ಯಾವ ಕಾಲೇಜು ಅಂತಾರೆ." ನಗು ಬರುತ್ತೆ, ಆದರೆ ಅನುಭವದ ಮಾತೇ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗೋಕೆ ಇಪ್ಪತ್ತು-ಮೂವತ್ತು ನಿಮಿಷ ಬೇಕು, ಒಂದು ಬಿಳಿ ಝಳಪು ಸಾಕು ಅದನ್ನು ಕೆಡಿಸೋಕೆ. ಬೈಕ್ ಓಡಿಸ್ತಿರೋನಿಗೆ ಹಾಗೆ ಬಿಟ್ಟರೆ ಇನ್ನೊಂದು ಅಪಘಾತ. ಅದಕ್ಕೂ ವಿನ್ಯಾಸದಲ್ಲೇ ಉತ್ತರ ಇದೆ: ಮೊದಲ ಒತ್ತಿಗೆ ಮಂದ ಬೆಳಕೇ ಹತ್ತಬೇಕು, ಪೂರ್ತಿ ಬೆಳಕಿಗೆ ಒತ್ತಿ ಹಿಡೀಬೇಕು. ವಾಹನ ನಿಲ್ಲಿಸೋಕೆ ಕೆಂಪು ಬ್ಯಾಟನ್, ಮುಖಕ್ಕೆ ಬಿಳಿ ಕಿರಣ ಅಲ್ಲ.

ನಾವೇನು ಮಾಡಬಹುದು? ಎಷ್ಟೋ ಕಡೆ ಮೂಲೆ ಸೇರಿರೋ ಸರ್ಚ್‌ಲೈಟ್‌ಗಳ ರೋಗ ಒಂದೇ: ಲೆಡ್-ಆ್ಯಸಿಡ್ ಬ್ಯಾಟರಿ ಚಾರ್ಜ್ ಇಲ್ಲದೆ ಬಿದ್ದಿದ್ದು, ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಕಟ್ಟಿ ಸತ್ತಿರುತ್ತೆ. ಬ್ಯಾಟರಿ ಬದಲಾಯಿಸಿದರೆ ದೀಪ ಮತ್ತೆ ಬದುಕುತ್ತೆ. ಒಂದು ಶನಿವಾರ, ಎರಡು ಮಲ್ಟಿಮೀಟರ್, ಒಂದು ಲಕ್ಸ್ ಮೀಟರ್, ಇಲಾಖೆಯ ಅನುಮತಿ ಸಾಕು. ಜೊತೆಗೆ ಈ ಸಲದ ಮೇಜರ್ ಪ್ರಾಜೆಕ್ಟ್‌ನಲ್ಲಿ ಒಂದಾದರೂ ತಂಡ ಬೋರಿಂಗ್ ಟಾರ್ಚ್ ಮಾಡಲಿ: ಆ್ಯಪ್ ಇಲ್ಲ, ಎಐ ಇಲ್ಲ, ಎದೆಗೆ ಸಿಕ್ಕಿಸಿದರೆ ಎರಡೂ ಕೈ ಖಾಲಿ, ಒದ್ದೆ ಕೈಗೂ ಸಿಗೋ ಬಟನ್, ಮಹಿಳಾ ಸಿಬ್ಬಂದಿಯ ಕೈಗೂ ಸರಿಹೋಗೋ ಹಿಡಿ, ಬೆಳಗಿನ ತನಕ ಬೆಳಕು. ವೈವಾದಲ್ಲಿ "ಇದರಲ್ಲಿ ಹೊಸದೇನಿದೆ?" ಅಂತ ಕೇಳಿದರೆ "ಎಂಟು ಗಂಟೆ ಉರಿಯುತ್ತೆ ಸರ್" ಅನ್ನಿ.

ನಮ್ಮೂರುಗಳ ಕಡೆ ಟಾರ್ಚಿಗೆ "ಬ್ಯಾಟರಿ" ಅಂತಲೇ ಹೆಸರು. ಎಲ್ಇಡಿ ಎಷ್ಟೇ ಮಿಂಚಲಿ, ಕೊನೆಗೆ ಮುಖ್ಯ ಆಗೋದು ಬ್ಯಾಟರಿಯೇ ಅನ್ನೋದು ನಮ್ಮ ಅಜ್ಜಂದಿರಿಗೆ ಹೇಗೋ ಗೊತ್ತಿತ್ತು. ಆ ಬೈಪಾಸ್ ತಿರುವಿನಲ್ಲಿ ಇವತ್ತೂ ಬೀದಿದೀಪ ಇಲ್ಲ. ಮುಂದಿನ ಸಲ ಅಲ್ಲಿ ಯಾರಾದರೂ ಬಿದ್ದಾಗ, ಪೊಲೀಸರು ದಾರಿಹೋಕರನ್ನು "ಲೈಟ್ ಹಿಡೀರಪ್ಪ" ಅಂತ ಕೇಳೋ ಹಾಗೆ ಆಗಬಾರದು.